ಮುಖ ಊದಿದರೆ ಬರೀ ಬಾವು ಅಂತ ಕೂರಬೇಡಿ

2022ರ ರೋಹಿಣಿ ಮಳೆ ಬಿದ್ದ ಮರುದಿನ. ಶೇಂಗಾ ಹೊಲಕ್ಕೆ ಕುಂಟೆ ಹೊಡೆಯುವ ಆತುರ. ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಎತ್ತಿನ ಕಣ್ಣಿ ಬಿಚ್ಚುತ್ತಿದ್ದೆ. ನೊಣ ಕಚ್ಚಿತೋ ಏನೋ, ಎತ್ತು ತಲೆ ಕೊಡವಿತು. ಕೊಂಬು ನನ್ನ ಎಡಗೆನ್ನೆಗೆ ಬಡಿಯಿತು. ಪಾಪ, ಅದೇನೂ ಹಾಯಲು ಬಂದದ್ದಲ್ಲ.

ರಕ್ತ ಹೆಚ್ಚು ಬರಲಿಲ್ಲ. ಮಧ್ಯಾಹ್ನಕ್ಕೆ ಕೆನ್ನೆ ಊದಿ ಕಣ್ಣು ಮುಚ್ಚಿತು. 'ಅರಿಶಿನ ಸುಣ್ಣ ಹಚ್ಚು, ಇಳೀತದೆ' ಅಂದರು ಹಿರಿಯರು. ಹದ ಹೋದೀತು ಅಂತ ನಾನೂ ಹೊಲಕ್ಕೇ ಹೋದೆ.

ಐದನೇ ದಿನ ಬಾವು ಇಳಿದು ಕಣ್ಣು ಬಿಟ್ಟಾಗ ಗೊತ್ತಾಯಿತು. ಮೇಲೆ ನೋಡಿದರೆ ಬದುವಿನ ಬೇವಿನ ಮರ ಎರಡಾಗಿ ಕಾಣುತ್ತಿತ್ತು. ಮೇಲ್ದುಟಿ ಮರಗಟ್ಟಿತ್ತು. ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರೆ ಕಣ್ಣಿನ ಕೆಳಗಿನ ಮೂಳೆ ಒಡೆದಿತ್ತು! ಇನ್ನೂ ತಡವಾಗಿ ಮೂಳೆ ತಪ್ಪಾಗಿ ಕೂಡಿಕೊಂಡಿದ್ದರೆ ಸರಿಪಡಿಸೋದು ಕಷ್ಟವಿತ್ತು ಅಂದರು ಡಾಕ್ಟರು. ಆಪರೇಷನ್ ಆಯಿತು. ಎರಡೆರಡು ಕಾಣೋದು ನಿಂತಿತು. ತುಟಿಯ ಜೋಮು ಮಾತ್ರ ಪೂರ್ತಿ ಹೋಗಿಲ್ಲ.

ಬಾವಿನ ಗಾತ್ರ ನೋಡಿ ಪೆಟ್ಟು ಅಳೆಯಬಾರದು. ಒಡೆದ ಮೂಳೆಯನ್ನು ಬಾವೇ ಮುಚ್ಚಿಡುತ್ತದೆ.

ಕೂಡಲೇ 108ಕ್ಕೆ ಫೋನ್ ಮಾಡಿ: ಎಚ್ಚರ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು ಬಂದರೆ, ಮೂಗು ಕಿವಿಯಿಂದ ತಿಳಿನೀರು ಇಳಿದರೆ, ದೃಷ್ಟಿ ಮಂಜಾದರೆ, ಉಸಿರಾಟ ಕಷ್ಟವಾದರೆ, ರಕ್ತ ನಿಲ್ಲದಿದ್ದರೆ.

ಅದೇ ದಿನ ಆಸ್ಪತ್ರೆಗೆ ಹೋಗಿ: ಕಣ್ಣು ಊದಿ ಮುಚ್ಚಿದರೆ, ಒಂದು ಎರಡಾಗಿ ಕಂಡರೆ, ಕೆನ್ನೆ ತುಟಿ ಮರಗಟ್ಟಿದರೆ, ಹಲ್ಲಿಗೆ ಹಲ್ಲು ಕೂರದಿದ್ದರೆ, ಬಾಯಿ ತೆರೆಯಲು ಆಗದಿದ್ದರೆ. ಎರಡು ಮೂರು ದಿನ ಕಳೆದ ಮೇಲೂ ಬಾವು ಏರುತ್ತಿದ್ದರೆ, ಕೆಂಪಾಗಿ ಜ್ವರ ಬಂದರೆ, ಕೀವಾಗಿದೆ ಅಂತ ತಿಳಿದು ತಡಮಾಡಬೇಡಿ.

ಸಣ್ಣ ಪೆಟ್ಟಾದರೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡಿ. ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡಿ. ಐಸ್ ಇಲ್ಲದಿದ್ದರೆ ತಣ್ಣೀರ ಬಟ್ಟೆ ಸಾಕು. ಮೊದಲೆರಡು ದಿನ ಬಿಸಿ ಶಾಖ ಬೇಡ. ತಲೆ ಎತ್ತರಿಸಿ ಮಲಗಿ. ಕಣ್ಣುಗುಡ್ಡೆ ಒತ್ತಬೇಡಿ, ಜೋರಾಗಿ ಮೂಗು ಸೀನಬೇಡಿ. ಕಣ್ಣಿನ ಹತ್ತಿರ ಸುಣ್ಣವಂತೂ ಬೇಡವೇ ಬೇಡ, ಕಣ್ಣು ಸುಡುತ್ತದೆ. ಚರ್ಮ ಹರಿದಿದ್ದರೆ ಸೋಪು ನೀರಿನಲ್ಲಿ ತೊಳೆದು ಧನುರ್ವಾಯು ಚುಚ್ಚುಮದ್ದಿಗೆ ಹೋಗಿ. ಸಗಣಿ, ಮಣ್ಣಿನಲ್ಲಿ ಅದರ ರೋಗಾಣು ಇರುತ್ತದೆ.

ಈಗ ಕಣ್ಣಿ ಬಿಚ್ಚುವಾಗ ನಾನು ಎತ್ತಿನ ಪಕ್ಕಕ್ಕೆ ನಿಲ್ಲುತ್ತೇನೆ. ಕೊಂಬಿನ ಮೇಲೆ ಮುಖ ಬಗ್ಗಿಸೋದಿಲ್ಲ. ನೀವೂ ಹಾಗೇ ಮಾಡಿ.