ಕೊಲ್ಲುವವನಿಗಿಂತ ಕಾಯುವವನ ಲೆಕ್ಕ ಕಠಿಣ: ಆನ್‌ಲೈನ್ ಆಟಗಳ ‘ಹೀಲರ್’ ಸಮಸ್ಯೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳನ್ನು ನೋಡುವವರಿಗೆ ಬೇರೆ ಬಣ್ಣದ ಅಂಗಿ ತೊಡುವ ‘ಲಿಬೆರೊ’ ಅಪರಿಚಿತನಲ್ಲ. ಎದುರಾಳಿಯ ಹೊಡೆತವನ್ನು ನೆಲ ಮುಟ್ಟದಂತೆ ಎತ್ತಿಕೊಡುವುದೇ ಆತನ ಕೆಲಸ. ಹಿಂದಿನ ಸಾಲಿನ ಆಟಗಾರರ ಬದಲಿಗೆ ಬಂದು ಹೋಗಲು ಆತನಿಗೆ ವಿಶೇಷ ಸ್ವಾತಂತ್ರ್ಯವಿದೆ. ಆದರೆ ಬಲೆಗಿಂತ ಮೇಲಿರುವ ಚೆಂಡನ್ನು ಎದುರಂಕಣಕ್ಕೆ ಹೊಡೆಯುವಂತಿಲ್ಲ, ಬ್ಲಾಕ್ ಮಾಡುವಂತಿಲ್ಲ. 1998ರಲ್ಲಿ ಅಂತಾರಾಷ್ಟ್ರೀಯ ವಾಲಿಬಾಲ್ ಒಕ್ಕೂಟವು ನಿಯಮಾವಳಿಗೆ ಸೇರಿಸಿದ ಈ ಸ್ಥಾನದ ಹಿಂದಿರುವ ಸೂತ್ರವೇ ಆನ್‌ಲೈನ್ ಪಾತ್ರಾಧಾರಿತ ಆಟಗಳ ‘ಹೀಲರ್’ ಹಿಂದೆಯೂ ಇದೆ: ಒಂದು ಕೆಲಸದಲ್ಲಿ ಅಸಾಮಾನ್ಯ ಬಲ, ಉಳಿದುದರಲ್ಲಿ ಕಟ್ಟುಪಾಡು.

ಇಂಥ ಆಟಗಳಲ್ಲಿ ತಂಡವು ಸಾಮಾನ್ಯವಾಗಿ ಮೂರು ಬಗೆಯ ಪಾತ್ರಗಳಿಂದ ಕೂಡಿರುತ್ತದೆ. ಶತ್ರುವಿನ ಏಟನ್ನು ಮೈಮೇಲೆ ಎಳೆದುಕೊಳ್ಳುವವನು ‘ಟ್ಯಾಂಕ್’. ಹೊಡೆಯುವವರು ಹಲವರು. ಗಾಯಗೊಂಡವರ ಪ್ರಾಣಶಕ್ತಿಯನ್ನು ಮರಳಿ ತುಂಬುವವನು ಹೀಲರ್. 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟದ ‘ಕ್ಲೆರಿಕ್’ ಈ ಪಾತ್ರದ ಮೂಲಪುರುಷ.

ಹೊಡೆಯುವವನ ಬಲ ತುಸು ಹೆಚ್ಚಾದರೆ ಯುದ್ಧ ಬೇಗ ಮುಗಿಯುತ್ತದೆ, ಅಷ್ಟೇ. ಗುಣಪಡಿಸುವ ಬಲ ಹಾಗಲ್ಲ. ಟ್ಯಾಂಕ್‌ನ ಪ್ರಾಣಶಕ್ತಿ 10,000, ಶತ್ರು ಸೆಕೆಂಡಿಗೆ 2,000ದಷ್ಟು ಹೊಡೆಯುತ್ತಾನೆ ಎಂದಿಟ್ಟುಕೊಳ್ಳೋಣ. ಹೀಲರ್ ಇಲ್ಲದಿದ್ದರೆ 5 ಸೆಕೆಂಡಿನಲ್ಲಿ ಕಥೆ ಮುಗಿಯಿತು. ಸೆಕೆಂಡಿಗೆ ಸರಾಸರಿ 1,500 ತುಂಬುವ ಒಬ್ಬ ಹೀಲರ್ ಇದ್ದರೆ 20 ಸೆಕೆಂಡು ಬದುಕಬಹುದು. ಇಬ್ಬರಿದ್ದರೆ? ಟ್ಯಾಂಕ್ ಸಾಯುವುದೇ ಇಲ್ಲ! ಇದನ್ನು ತಡೆಯಲು ಶತ್ರುವಿನ ಹೊಡೆತವನ್ನು 3,500ಕ್ಕೆ ಏರಿಸಿದರೆ ಒಬ್ಬನೇ ಹೀಲರ್ ಇರುವ ತಂಡ 5 ಸೆಕೆಂಡಿನಲ್ಲಿ ನೆಲಕಚ್ಚುತ್ತದೆ. ಸಾವು ಮತ್ತು ಅಮರತ್ವದ ನಡುವಿನ ಈ ಕಿರಿದಾದ ಓಣಿಯಲ್ಲೇ ವಿನ್ಯಾಸಕ ದಾರಿ ಹುಡುಕಬೇಕು.

1999ರ ‘ಎವರ್‌ಕ್ವೆಸ್ಟ್’ನಲ್ಲಿ ಕ್ಲೆರಿಕ್‌ಗಳ ಬಳಿ ಭಾರೀ ಪ್ರಮಾಣದಲ್ಲಿ ಗುಣಪಡಿಸುವ ಒಂದು ಮಂತ್ರವಿತ್ತು. ಅದನ್ನು ಪ್ರಯೋಗಿಸಲು 10 ಸೆಕೆಂಡು ಬೇಕಿತ್ತು. ಆಟಗಾರರು ಕಂಡುಕೊಂಡ ಉಪಾಯ ಸರಳ: ಹಲವು ಕ್ಲೆರಿಕ್‌ಗಳು ಸರದಿಯಲ್ಲಿ ನಿಂತು, ಕೆಲವೇ ಸೆಕೆಂಡುಗಳ ಅಂತರದಲ್ಲಿ ಒಬ್ಬರ ನಂತರ ಒಬ್ಬರು ಅದೇ ಮಂತ್ರವನ್ನು ಹಾಕುವುದು. ತಂಡ ಗೆದ್ದಿತು, ನಿಜ. ಆದರೆ ಗಡಿಯಾರ ನೋಡುತ್ತಾ ಒಂದೇ ಗುಂಡಿ ಒತ್ತುವುದನ್ನು ಆಟವೆನ್ನುವುದು ಕಷ್ಟ.

2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಹೀಲರ್‌ನನ್ನು ‘ಮಾನಾ’ ಎಂಬ ಇಂಧನದಿಂದ ಕಟ್ಟಿಹಾಕಿತು. ಮಂತ್ರ ಹಾಕಿದಷ್ಟೂ ಮಾನಾ ಕರಗುತ್ತದೆ. ಹೀಗಾಗಿ ಯಾರನ್ನು ಈಗಲೇ ಉಳಿಸಬೇಕು, ಯಾರು ಕಾಯಬಹುದು ಎಂಬ ವಿವೇಚನೆಗೆ ಬೆಲೆ ಬಂತು. 2008ರ ವಿಸ್ತರಣೆಯಲ್ಲಿ ಮಾನಾ ಧಾರಾಳವಾಗಿ, ಹೊಡೆತಗಳು ಬಿರುಸಾದಾಗ ಆ ವಿವೇಚನೆಗೆ ಅವಕಾಶ ಕುಗ್ಗಿತು. 2010ರ ಡಿಸೆಂಬರ್‌ನಲ್ಲಿ ಬಂದ ‘ಕ್ಯಾಟಕ್ಲಿಸಮ್’ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿತು: ಪ್ರಾಣಶಕ್ತಿ ಹೆಚ್ಚು, ಗುಣವಾಗುವಿಕೆ ನಿಧಾನ, ಮಾನಾ ದುರ್ಲಭ. ಆಟ ತೀರಾ ಕಷ್ಟವಾಯಿತೆಂಬ ದೂರುಗಳು ಹೆಚ್ಚಿದಾಗ, ವಿನ್ಯಾಸಕ ಗ್ರೆಗ್ ಸ್ಟ್ರೀಟ್ ಅವರು 2011ರ ಜನವರಿಯಲ್ಲಿ ಲೇಖನವನ್ನೇ ಬರೆದು ಈ ಬದಲಾವಣೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು.

ಅವರ ಪಕ್ಷದಲ್ಲಿ ನ್ಯಾಯವಿತ್ತು. ಮಾನಾ ಮಿತವಾಗಿದ್ದಾಗ ಬೆಂಕಿಯಲ್ಲಿ ನಿಂತ ಆಟಗಾರ ತಾನೇ ಸರಿದು ನಿಲ್ಲಬೇಕಾಗುತ್ತದೆ. ಇಲ್ಲವಾದರೆ ಅವನ ತಪ್ಪಿಗೂ ಹೀಲರ್‌ನೇ ಹೊಣೆ. ತಂಡ ಗೆದ್ದರೆ ಹೊಡೆದವನ ಹೆಸರು, ಸೋತರೆ ಕಾಯುವವನಿಗೆ ಬೈಗುಳ ಎಂಬ ಸ್ಥಿತಿಯಲ್ಲಿ ಈ ಪಾತ್ರವನ್ನು ಯಾರು ತಾನೇ ಬಯಸಿಯಾರು? ಅದೇ ಆಟದಲ್ಲಿ 2009ರ ಡಿಸೆಂಬರ್‌ನಿಂದ ಐವರ ತಂಡವನ್ನು ಗಣಕವೇ ಕೂಡಿಸತೊಡಗಿತ್ತು: ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಮೂವರು ಹೊಡೆಯುವವರು. ಹೊಡೆಯುವವರ ಸಾಲು ಬೆಳೆಯಿತು, ಉಳಿದ ಪಾತ್ರಗಳಿಗೆ ಜನ ಸಾಲದಾಯಿತು. 2011ರಲ್ಲಿ ಕೊರತೆಯಿರುವ ಪಾತ್ರಕ್ಕೆ ಹೆಚ್ಚುವರಿ ಬಹುಮಾನವನ್ನೇ ಘೋಷಿಸಬೇಕಾಯಿತು.

ಕರಾವಳಿಯ ಆಟಗಾರನಿಗೆ ಇನ್ನೊಂದು ತೊಡಕಿದೆ. ಸರ್ವರ್ ದೂರದ ದೇಶದಲ್ಲಿದ್ದು, ಕೊಲ್ಲೂರು ಅಥವಾ ಸಿದ್ದಾಪುರದ ಮಳೆಗಾಲದಲ್ಲಿ ನೆಟ್‌ವರ್ಕ್ ಎಳೆದಾಡಿತೆನ್ನಿ. ಅರ್ಧ ಸೆಕೆಂಡು ತಡವಾದರೆ ಹೊಡೆಯುವವನಿಗೆ ಒಂದಿಷ್ಟು ಹೊಡೆತ ನಷ್ಟ. ಹೀಲರ್‌ನ ಮಂತ್ರ ಮಾತ್ರ ಹೆಣಕ್ಕೆ ತಲಪುತ್ತದೆ. ಹಠಾತ್ ಭಾರೀ ಏಟುಗಳಿಗಿಂತ ನಿಧಾನವಾಗಿ ಸೋರುವ ಹಾನಿಯನ್ನು ಆಧರಿಸಿದ ವಿನ್ಯಾಸ ಇಂಥವರಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ.

ಹೀಲರ್‌ನನ್ನೇ ಕೈಬಿಟ್ಟರೆ ಹೇಗೆ? 2012ರ ‘ಗಿಲ್ಡ್ ವಾರ್ಸ್ 2’ ಈ ಪ್ರಯೋಗ ಮಾಡಿತು. ಪ್ರತಿಯೊಬ್ಬನಿಗೂ ತನ್ನನ್ನು ತಾನೇ ಗುಣಪಡಿಸಿಕೊಳ್ಳುವ ಶಕ್ತಿ ಕೊಟ್ಟು, ಮೀಸಲು ಹೀಲರ್ ಬೇಡವೆಂದಿತು. ಮೂರು ವರ್ಷಗಳ ಬಳಿಕ, 2015ರ ವಿಸ್ತರಣೆಯಲ್ಲಿ ‘ಡ್ರುಯಿಡ್’ ರೂಪದಲ್ಲಿ ಹೀಲರ್ ಹಿಂಬಾಗಿಲಿನಿಂದ ಒಳಬಂದ.

‘ಫೈನಲ್ ಫ್ಯಾಂಟಸಿ 14’ರ ಸಮಸ್ಯೆ ಇದಕ್ಕೆ ತೀರಾ ವಿರುದ್ಧವಾದುದು. ಅಲ್ಲಿ ಟ್ಯಾಂಕ್‌ಗಳಿಗೂ ತಮ್ಮನ್ನು ಗುಣಪಡಿಸಿಕೊಳ್ಳುವ ಬಲ ಬೆಳೆದಂತೆ, ಪಳಗಿದ ಹೀಲರ್‌ಗೆ ಬಿಡುವೇ ಹೆಚ್ಚಾಯಿತು. ಆ ಬಿಡುವಿನಲ್ಲಿ ಒಂದೇ ದಾಳಿಮಂತ್ರವನ್ನು ಮತ್ತೆ ಮತ್ತೆ ಹಾಕಬೇಕು. ಇದರಿಂದ ಬೇಸತ್ತ ಆಟಗಾರರ ಒಂದು ವರ್ಗ 2024ರಲ್ಲಿ, ಹೊಸ ವಿಸ್ತರಣೆ ಬಿಡುಗಡೆಯಾಗುವ ಹೊತ್ತಿಗೆ, ‘ಹೀಲರ್ ಮುಷ್ಕರ’ಕ್ಕೆ ಕರೆ ನೀಡಿತು. ತಮ್ಮ ಬಲ ಸಾಲದೆಂದು ಅವರು ದೂರಲಿಲ್ಲ. ತಮಗೆ ಮಾಡಲು ಕೆಲಸವಿಲ್ಲ ಎಂಬುದೇ ಅವರ ತಕರಾರಾಗಿತ್ತು.