ಶಾಖದ ಲೆಕ್ಕ, ನ್ಯೂಟ್ರಾನ್ ಸಾಕ್ಷಿ

ಮನೆಯ ಗ್ಯಾರೇಜಿನಲ್ಲಿ ಪರಮಾಣು ಬೀಜಗಳನ್ನು ಬೆಸೆಯುವ ಹವ್ಯಾಸಿಗಳು ಅಮೆರಿಕದಲ್ಲೂ ಯೂರೋಪಿನಲ್ಲೂ ಇದ್ದಾರೆ ಎಂದರೆ ಮೊದಲಿಗೆ ನಗು ಬರಬಹುದು. ಆದರೆ ಮಾತು ನಿಜ. ಟಿವಿಯನ್ನು ರೂಪಿಸಿದವರಲ್ಲಿ ಒಬ್ಬನಾದ ಫೈಲೊ ಫಾರ್ನ್ಸ್‌ವರ್ತ್ 1960ರ ದಶಕದಲ್ಲಿ ಕೈಹಾಕಿದ್ದ ‘ಫ್ಯೂಸರ್’ ಎಂಬ ಉಪಕರಣ ಇಂದು ಅವರ ಕೈಯಲ್ಲಿದೆ. ಉಕ್ಕಿನ ಗೋಳವೊಂದಕ್ಕೆ ಪಂಪ್ ಹಚ್ಚಿ ಗಾಳಿಯನ್ನೆಲ್ಲ ಎಳೆದುಹಾಕಬೇಕು. ಒಳಕ್ಕೆ ಇಷ್ಟೇ ಇಷ್ಟು ಡ್ಯುಟೀರಿಯಂ ಅನಿಲ ಬಿಡಬೇಕು. ಡ್ಯುಟೀರಿಯಂ ಎಂದರೆ ಜಲಜನಕದ ತೂಕಸ್ಥ ಅಣ್ಣ. ನಡುವಿನ ತಂತಿ ಜಾಲರಿಗೆ ಇಪ್ಪತ್ತು ಮೂವತ್ತು ಸಾವಿರ ವೋಲ್ಟ್ ಕೊಟ್ಟರೆ ಡ್ಯುಟೀರಿಯಂ ಬೀಜಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ, ಕೋಟ್ಯಂತರ ಢಿಕ್ಕಿಗಳಲ್ಲಿ ಎಲ್ಲೋ ಒಂದು ಬೆಸುಗೆಯಾಗುತ್ತದೆ. 2008ರಲ್ಲಿ ಟೇಲರ್ ವಿಲ್ಸನ್ ಎಂಬ ಅಮೆರಿಕದ ಹುಡುಗ ಇದನ್ನು ಮಾಡಿದಾಗ ಅವನಿಗೆ ಹದಿನಾಲ್ಕು ವರ್ಷ. ಈ ಹವ್ಯಾಸಿಗಳ ನಡುವೆ ಒಂದು ಕಟ್ಟುನಿಟ್ಟಿದೆ: ಜಾಲರಿಯ ಸುತ್ತ ನೇರಳೆ ಬೆಳಕು ಹೊಳೆದರೆ ಯಾರೂ ಬೆನ್ನು ತಟ್ಟುವುದಿಲ್ಲ, ನ್ಯೂಟ್ರಾನ್ ಎಲ್ಲಿ ಎಂದು ಕೇಳುತ್ತಾರೆ. ಅದನ್ನು ತೋರಿಸುವ ಮಾಪಕವೊಂದಿದೆ: ಪೆನ್ನಿನಷ್ಟು ಉದ್ದದ ಪಾರದರ್ಶಕ ಕೊಳವೆಯಲ್ಲಿ ಜೆಲ್ ತುಂಬಿರುತ್ತದೆ. ನ್ಯೂಟ್ರಾನ್ ಬಡಿದಲ್ಲಿ ಕಣ್ಣಿಗೆ ಕಾಣುವ ಗುಳ್ಳೆಯೊಂದು ಏಳುತ್ತದೆ. ಗುಳ್ಳೆ ಎದ್ದರೆ ಗೆದ್ದ, ಏಳದಿದ್ದರೆ ಇಲ್ಲ.

ಈ ಗುಳ್ಳೆಯ ಕೊಳವೆಯನ್ನು ನೆನಪಿನಲ್ಲಿಟ್ಟುಕೊಂಡು ಶೀತಲ ಸಮ್ಮಿಳನದ, ಅಂದರೆ ಕೋಣೆಯ ಉಷ್ಣತೆಯಲ್ಲೇ ಬೀಜಗಳನ್ನು ಬೆಸೆಯುವ ಪ್ರಯತ್ನದ, ಕಥೆಗೆ ಬರೋಣ. ಪರ್ಯಾಯ ಶಕ್ತಿಯ ಅಂಚಿನ ಸಂಶೋಧನೆಗಳ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಹವ್ಯಾಸಿ ಮತ್ತು ವೃತ್ತಿಪರ ವಿಜ್ಞಾನಿ ಎಂಬ ಜಾತಿಭೇದಕ್ಕೆ ತಿರುಗಿಬಿಡುತ್ತದೆ. ಡಿಗ್ರಿ ಇಲ್ಲದವರನ್ನು ವಿಜ್ಞಾನ ಕಡೆಗಣಿಸುತ್ತದೆ ಎಂದು ಒಂದು ಕಡೆಯವರು, ಡಿಗ್ರಿ ಇಲ್ಲದವರಿಗೆ ಏನು ತಿಳಿದೀತು ಎಂದು ಇನ್ನೊಂದು ಕಡೆಯವರು. ಇಬ್ಬರ ಮಾತೂ ಪೊಳ್ಳು. ಗಟ್ಟಿ ಸಂಶೋಧನೆಯನ್ನೂ ಅಂಚಿನ ಸಂಶೋಧನೆಯನ್ನೂ ಬೇರೆ ಮಾಡುವುದು ‘ನೀನು ತಪ್ಪು’ ಎಂದು ಮುಖಕ್ಕೆ ಹೇಳಬಲ್ಲ ಅಳತೆಯನ್ನು ಸಂಶೋಧಕ ಆರಿಸಿಕೊಂಡನೇ ಇಲ್ಲವೇ ಎಂಬುದು. ಗ್ಯಾರೇಜಿನ ಹುಡುಗ ಅದನ್ನು ಆರಿಸಿಕೊಂಡ. 1989ರಲ್ಲಿ ಇಬ್ಬರು ಪ್ರೊಫೆಸರುಗಳು ಆರಿಸಿಕೊಳ್ಳಲಿಲ್ಲ.

ಆ ವರ್ಷದ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯ ಪತ್ರಿಕಾಗೋಷ್ಠಿ ಕರೆಯಿತು. ಕುಳಿತಿದ್ದವರು ಸ್ಟ್ಯಾನ್ಲಿ ಪಾನ್ಸ್ ಮತ್ತು ಮಾರ್ಟಿನ್ ಫ್ಲೈಷ್‌ಮನ್. ಫ್ಲೈಷ್‌ಮನ್ ಬ್ರಿಟನ್ನಿನ ರಾಯಲ್ ಸೊಸೈಟಿಯ ಫೆಲೊ, ವಿದ್ಯುತ್ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು. ಗಾಜಿನ ಪಾತ್ರೆಯಲ್ಲಿ ಭಾರಜಲ (ಡ್ಯುಟೀರಿಯಂ ಇರುವ ನೀರು), ಅದರಲ್ಲಿ ಪಲ್ಲಾಡಿಯಂ ಸಲಾಕೆ, ಸುತ್ತ ಪ್ಲಾಟಿನಂ ತಂತಿ. ವಿದ್ಯುತ್ ಹರಿಸಿದರೆ ನೀರು ಒಡೆದು ಡ್ಯುಟೀರಿಯಂ ಪಲ್ಲಾಡಿಯಂನೊಳಕ್ಕೆ ಇಳಿಯುತ್ತದೆ. ಈ ಲೋಹದ ಹಸಿವು ವಿಚಿತ್ರ, ತನ್ನ ಗಾತ್ರದ ಒಂಬೈನೂರು ಪಟ್ಟು ಜಲಜನಕವನ್ನು ನುಂಗಬಲ್ಲದು. ಹಾಗೆ ಕಿಕ್ಕಿರಿದ ಡ್ಯುಟೀರಿಯಂ ಬೀಜಗಳು ಕೋಣೆಯ ಉಷ್ಣತೆಯಲ್ಲೇ ಬೆಸೆದುಕೊಂಡು, ಕೊಟ್ಟ ವಿದ್ಯುತ್ತಿಗಿಂತ ಹೆಚ್ಚು ಶಾಖ ಕೊಡುತ್ತಿವೆ ಎಂದು ಇಬ್ಬರೂ ಘೋಷಿಸಿದರು. ಸೂರ್ಯನ ಒಡಲಲ್ಲಿ ಒಂದೂವರೆ ಕೋಟಿ ಡಿಗ್ರಿಯಲ್ಲಿ ನಡೆಯುವ ಬಗೆಯ ಕೆಲಸ ಮೇಜಿನ ಮೇಲೆ! ಯೂಟಾದ ಶಾಸನಸಭೆ ತಡಮಾಡದೆ 50 ಲಕ್ಷ ಡಾಲರ್ ಎತ್ತಿಟ್ಟಿತು.

ಅವರ ಮುಖ್ಯ ಸಾಕ್ಷಿ ಶಾಖ. ಶಾಖವನ್ನು ಅಳೆಯುವುದು ಸುಲಭ ಎಂದು ನಮಗನ್ನಿಸುತ್ತದೆ, ಥರ್ಮಾಮೀಟರ್ ಇದ್ದರಾಯಿತಲ್ಲ. ಒಂದು ಲೆಕ್ಕ ನೋಡಿ. ಪಾತ್ರೆಗೆ 5 ವೋಲ್ಟ್‌ನಲ್ಲಿ 1 ಆಂಪಿಯರ್ ಹರಿಸಿದರೆ ಒಳಗೆ ಹೋದದ್ದು 5 ವ್ಯಾಟ್. ಅದರಲ್ಲಿ ಸುಮಾರು ಒಂದೂವರೆ ವ್ಯಾಟ್ ಭಾರಜಲವನ್ನು ಒಡೆಯುವುದಕ್ಕೆ ಖರ್ಚಾಗಿ, ಡ್ಯುಟೀರಿಯಂ ಮತ್ತು ಆಮ್ಲಜನಕದ ರೂಪದಲ್ಲಿ ಹೊರಗೆ ಹೋಗುತ್ತದೆ. ಉಳಿಯಬೇಕಾದ ಶಾಖ ಮೂರೂವರೆ ವ್ಯಾಟ್. ಅಳೆದಾಗ 4 ವ್ಯಾಟ್ ಸಿಕ್ಕಿತೆನ್ನಿ, ಅರ್ಧ ವ್ಯಾಟ್ ಲಾಭ ಎಂದು ಕುಣಿಯಬಹುದೆ? ಹೊರಹೋಗಬೇಕಾದ ಅನಿಲಗಳಲ್ಲಿ ಮೂರನೇ ಒಂದು ಪಾಲು ಪಾತ್ರೆಯೊಳಗೇ ಮತ್ತೆ ಕೂಡಿ ನೀರಾಗಿದ್ದರೂ ಅಷ್ಟೇ ಶಾಖ ಬರುತ್ತದೆ. ದ್ರವವನ್ನು ಸರಿಯಾಗಿ ಕಲಕದಿದ್ದರೆ ಥರ್ಮಾಮೀಟರ್ ಇರುವ ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ. ಮೇ ತಿಂಗಳ ಮೊದಲ ದಿನ ಬಾಲ್ಟಿಮೋರ್‌ನಲ್ಲಿ ಸೇರಿದ ಅಮೆರಿಕದ ಭೌತವಿಜ್ಞಾನಿಗಳ ಸಭೆಯಲ್ಲಿ ಕ್ಯಾಲ್‌ಟೆಕ್‌ನ ನೇಥನ್ ಲೂಯಿಸ್ ಎತ್ತಿದ್ದು ಇಂಥ ಪ್ರಶ್ನೆಗಳನ್ನೇ. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಸಣ್ಣ ಲಾಭ ಹುಡುಕುವುದೆಂದರೆ, ಲಾರಿಯ ಮುಂದೆ ಕಟ್ಟಿದ ನಿಂಬೆಹಣ್ಣಿನ ತೂಕ ತಿಳಿಯಲು ಲಾರಿಯನ್ನೇ ಹಣ್ಣಿನ ಸಮೇತ ಒಮ್ಮೆ, ಹಣ್ಣಿಲ್ಲದೆ ಒಮ್ಮೆ ವೇಬ್ರಿಜ್‌ಗೆ ಏರಿಸಿದ ಹಾಗೆ. ಡೀಸೆಲ್ ಖರ್ಚಾದದ್ದೂ ನಿಂಬೆಹಣ್ಣಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ನ್ಯೂಟ್ರಾನ್ ಹಾಗಲ್ಲ. ಎರಡು ಡ್ಯುಟೀರಿಯಂ ಬೆಸೆದಾಗ ಸರಿಸುಮಾರು ಅರ್ಧದಷ್ಟು ಸಲ ಹೀಲಿಯಂ-3 ಮತ್ತು ಒಂದು ನ್ಯೂಟ್ರಾನ್, ಇನ್ನರ್ಧ ಸಲ ಜಲಜನಕದ ಇನ್ನೂ ಭಾರವಾದ ರೂಪ ಟ್ರೀಟಿಯಂ ಮತ್ತು ಒಂದು ಪ್ರೋಟಾನ್ ಹುಟ್ಟುತ್ತವೆ. ಇದು ಪ್ರಯೋಗಗಳಲ್ಲಿ ದಶಕಗಳ ಕಾಲ ಅಳೆದು ನೋಡಿದ್ದು. ಈ ಲೆಕ್ಕದಂತೆ ಒಂದೇ ಒಂದು ವ್ಯಾಟ್ ಶಾಖ ಬೆಸುಗೆಯಿಂದ ಬರಬೇಕಾದರೆ ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಲಕ್ಷ ಕೋಟಿ ನ್ಯೂಟ್ರಾನ್ ಹೊರಬೀಳಬೇಕು. ಪಕ್ಕದಲ್ಲಿ ನಿಂತವರು ಆರೋಗ್ಯವಾಗಿ ಪತ್ರಿಕಾಗೋಷ್ಠಿಗೆ ಬರುವ ಮಾತೇ ಇಲ್ಲ. ಯೂಟಾ ಜೋಡಿ ಹೇಳಿಕೊಂಡದ್ದು ಸೆಕೆಂಡಿಗೆ ನಲವತ್ತು ಸಾವಿರದಷ್ಟು. ಅದಕ್ಕೆ ಆಧಾರವಾಗಿ ತೋರಿಸಿದ ಗಾಮಾ ಕಿರಣದ ನಕ್ಷೆಯೂ ಇರಬೇಕಾದ ಆಕಾರದಲ್ಲಿಲ್ಲ ಎಂದು ಎಂಐಟಿಯ ವಿಜ್ಞಾನಿಗಳು ತೋರಿಸಿಕೊಟ್ಟರು. ಹವ್ಯಾಸಿಯ ಒಳ್ಳೆಯ ಫ್ಯೂಸರ್ ಸೆಕೆಂಡಿಗೆ ಹತ್ತು ಲಕ್ಷ ನ್ಯೂಟ್ರಾನ್ ಕೊಟ್ಟರೆ ಬೆಸುಗೆಯ ಶಕ್ತಿ ಒಂದು ವ್ಯಾಟ್‌ನ ಹತ್ತು ಲಕ್ಷದ ಒಂದು ಭಾಗ ಮಾತ್ರ. ಯಾವ ಥರ್ಮಾಮೀಟರ್‌ಗೂ ಕಾಣದ ಅಷ್ಟು ಸಣ್ಣ ಬೆಸುಗೆಯನ್ನು ಗುಳ್ಳೆಯ ಕೊಳವೆ ಹಿಡಿಯುತ್ತದೆ. ನ್ಯೂಟ್ರಾನ್ ಮಾಪಕವೂ ಮೋಸ ಮಾಡಬಹುದು ಎನ್ನಿ, ಒಪ್ಪೋಣ; ಆದರೆ ಆ ಮೋಸವನ್ನು ಪತ್ತೆಹಚ್ಚಬಹುದು. 1989ರ ಏಪ್ರಿಲ್‌ನಲ್ಲಿ ಜಾರ್ಜಿಯಾ ಟೆಕ್‌ನ ತಂಡ ನ್ಯೂಟ್ರಾನ್ ಕಂಡೆವೆಂದು ಸಾರಿ, ಮಾಪಕವೇ ಬಿಸಿಗೆ ಪ್ರತಿಕ್ರಿಯಿಸುತ್ತಿತ್ತೆಂದು ಗೊತ್ತಾದಾಗ ಕೆಲವೇ ದಿನಗಳಲ್ಲಿ ಮಾತು ಹಿಂತೆಗೆದುಕೊಂಡಿತು.

ಕಿಕ್ಕಿರಿಯುವ ವಾದವೂ ನಿಲ್ಲುವುದಿಲ್ಲ. ಡ್ಯುಟೀರಿಯಂ ಅನಿಲದ ಸಾಮಾನ್ಯ ಅಣುವಿನಲ್ಲಿ ಎರಡು ಬೀಜಗಳ ಅಂತರ 0.074 ನ್ಯಾನೊಮೀಟರ್. ಪಲ್ಲಾಡಿಯಂ ತುಂಬಿಹೋದಾಗ ಅದರ ಹರಳಿನ ಗೂಡುಗಳಲ್ಲಿ ಕುಳಿತ ನೆರೆಹೊರೆಯವುಗಳ ಅಂತರ ಸುಮಾರು 0.28. ಅಂದರೆ ಲೋಹದೊಳಗೆ ಅವು ಹತ್ತಿರ ಬರುವುದಿರಲಿ, ದೂರವೇ ಆಗುತ್ತವೆ!

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ. ಲೋಹದೊಳಗೆ ನಡೆಯುವುದು ನಮಗೆ ಗೊತ್ತಿರುವ ಬೆಸುಗೆಯೇ ಅಲ್ಲದಿರಬಹುದು, ನ್ಯೂಟ್ರಾನ್ ಬಾರದ ಹೊಸ ಕ್ರಿಯೆ ಏಕಿರಬಾರದು ಎಂಬುದು. ಹೀಗೆ ಕೇಳಿದವರಲ್ಲಿ ನಮ್ಮವರೂ ಇದ್ದರು. 1989ರಲ್ಲಿ ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಪಿ. ಕೆ. ಅಯ್ಯಂಗಾರ್, ಎಂ. ಶ್ರೀನಿವಾಸನ್ ಮುಂತಾದವರ ತಂಡಗಳು ಟ್ರೀಟಿಯಂ ಕಂಡೆವೆಂದು ವರದಿ ಮಾಡಿದವು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ 2015ರ ಫೆಬ್ರವರಿಯಲ್ಲಿ ಈ ವಿಷಯಕ್ಕೆ ವಿಶೇಷ ವಿಭಾಗವನ್ನೇ ಮೀಸಲಿಟ್ಟಿತು. ಆದ್ದರಿಂದ ಇದನ್ನು ಹುಚ್ಚರ ಮಾತೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಟ್ರಾಂಬೆಯ ಫಲಿತಾಂಶದಲ್ಲಿ ನ್ಯೂಟ್ರಾನ್‌ಗಿಂತ ಟ್ರೀಟಿಯಂ ಕೋಟಿ ಪಟ್ಟಿನ ಆಸುಪಾಸಿನಲ್ಲಿ ಹೆಚ್ಚು. ಸಾಮಾನ್ಯ ಬೆಸುಗೆಯಲ್ಲಿ ಎರಡೂ ಸಮಸಮ. ಭಾರಜಲದ ರಿಯಾಕ್ಟರುಗಳಲ್ಲಿ ಟ್ರೀಟಿಯಂ ತಾನಾಗಿಯೇ ಹುಟ್ಟುವ ವಸ್ತುವಾದ್ದರಿಂದ ಅದು ಹೊರಗಿನಿಂದ ಸೇರಿತೇ ಎಂಬ ಅನುಮಾನ ಸಹಜ. ಹೀಲಿಯಂ-4 ಸಿಕ್ಕಿತೆನ್ನುವವರದೂ ಇದೇ ಕಷ್ಟ, ನಾವು ಉಸಿರಾಡುವ ಗಾಳಿಯಲ್ಲೇ ಹತ್ತು ಲಕ್ಷಕ್ಕೆ ಐದು ಪಾಲು ಹೀಲಿಯಂ ಇದೆ. 1926ರಲ್ಲಿ ಬರ್ಲಿನ್‌ನ ರಸಾಯನವಿಜ್ಞಾನಿಗಳಾದ ಪಾನೆತ್ ಮತ್ತು ಪೀಟರ್ಸ್ ಪಲ್ಲಾಡಿಯಂನೊಳಗಿನ ಜಲಜನಕ ಹೀಲಿಯಂ ಆಯಿತೆಂದು ಪ್ರಕಟಿಸಿ, ಮರುವರ್ಷ ಅದು ಗಾಜಿನಲ್ಲೂ ಕಲ್ನಾರಿನಲ್ಲೂ ಅಡಗಿದ್ದ ಹೀಲಿಯಂ ಎಂದು ತಾವೇ ಒಪ್ಪಿಕೊಂಡಿದ್ದರು. ಹೊಸ ಕ್ರಿಯೆ ಅಸಾಧ್ಯ ಎಂದು ನಾನು ಹೇಳುತ್ತಿಲ್ಲ. ತನ್ನದೇ ಗುರುತಿನ, ಬೇರೆಲ್ಲಿಂದಲೂ ನುಸುಳಲಾರದ ಕುರುಹೊಂದನ್ನು ಅದು ಬಿಟ್ಟುಹೋಗಬೇಕು. ಅಂಥದ್ದನ್ನು ಬೇಕೆಂದಾಗ, ಬೇಕೆಂದವರ ಪ್ರಯೋಗಾಲಯದಲ್ಲಿ ತೋರಿಸಲು ಮೂರು ದಶಕಗಳಲ್ಲಿ ಆಗಿಲ್ಲ.

ತೈಲ ಕಂಪನಿಗಳೂ ಸರ್ಕಾರಗಳೂ ಸೇರಿ ಇದನ್ನು ಹೊಸಕಿಹಾಕಿದವು ಎಂಬ ದೂರಿಗಂತೂ ಖರ್ಚಿನ ಪಟ್ಟಿಯೇ ಉತ್ತರ. ಯೂಟಾದ ಹಣದಲ್ಲಿ ಎದ್ದ ಸಂಸ್ಥೆ 1991ರಲ್ಲಿ ಬಾಗಿಲು ಹಾಕಿದ್ದು ಫಲವಿಲ್ಲದೆ. ಆಮೇಲೆ ಟೊಯೋಟಾ ನೆರವಿನ ಪ್ರಯೋಗಾಲಯ ಫ್ರಾನ್ಸಿನಲ್ಲಿ ಇದೇ ಇಬ್ಬರನ್ನು ಸಾಕಿತು, 1998ರಲ್ಲಿ ಅದೂ ಮುಚ್ಚಿತು. ಜಪಾನ್ ಸರ್ಕಾರದ ಯೋಜನೆ 1997ರಲ್ಲಿ ನಿಂತಿತು. ತೈಲವಿಲ್ಲದ ಜಪಾನಿಗೆ ಇದನ್ನು ಮುಚ್ಚಿಡುವುದರಿಂದ ಏನು ಲಾಭ? 2015ರಿಂದ ಗೂಗಲ್ ಸುಮಾರು ಒಂದು ಕೋಟಿ ಡಾಲರ್ ಕೊಟ್ಟು ಮೂವತ್ತರಷ್ಟು ಸಂಶೋಧಕರಿಂದ ಮತ್ತೆ ಹುಡುಕಿಸಿತು. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಬರೆದದ್ದು, ಶೀತಲ ಸಮ್ಮಿಳನದ ಪುರಾವೆ ಸಿಗಲಿಲ್ಲ ಎಂದೇ.

ಹೀಗೆ ಹುಡುಕಿ, ಸಿಗಲಿಲ್ಲವೆಂದು ಒಪ್ಪುವ ರೀತಿಗೆ ಪೂರಾ ಎದುರು ದಿಕ್ಕಿನಲ್ಲಿ ನಿಂತದ್ದು ಇಟಲಿಯ ಆಂಡ್ರಿಯಾ ರೊಸ್ಸಿಯ ‘ಇ-ಕ್ಯಾಟ್’. 2011ರಲ್ಲಿ ಬೊಲೊನ್ಯಾದಲ್ಲಿ ಪ್ರದರ್ಶನ. ನಿಕ್ಕಲ್ ಮತ್ತು ಜಲಜನಕ ತುಂಬಿದ ಪೆಟ್ಟಿಗೆ ನೀರನ್ನು ಹಬೆ ಮಾಡುತ್ತದೆ, ಹಬೆಯ ಲೆಕ್ಕದಿಂದ ಶಕ್ತಿಯ ಲೆಕ್ಕ. ಒಂದು ಗ್ರಾಂ ನೀರನ್ನು ಕುದಿಯುವ ಹಂತಕ್ಕೆ ತರಲು 300 ಚಿಲ್ಲರೆ ಜೂಲ್ ಸಾಕು, ಕುದಿಯುವ ನೀರನ್ನು ಪೂರ್ತಿ ಹಬೆ ಮಾಡಲು ಮತ್ತೆ 2,250ಕ್ಕಿಂತ ಹೆಚ್ಚು ಬೇಕು. ಕೊಳವೆಯಲ್ಲಿ ಬಂದದ್ದು ಒಣ ಹಬೆಯೋ, ಅರ್ಧಕ್ಕರ್ಧ ಬಿಸಿನೀರಿನ ಹನಿಯೋ ಎಂದು ಸರಿಯಾಗಿ ನೋಡದೆ ಗುಣಿಸಿದರೆ ಶಕ್ತಿಯ ಲೆಕ್ಕ ಹಲವು ಪಟ್ಟು ಬೆಳೆಯುತ್ತದೆ. ಒಳಗೇನಿದೆ ಎಂಬುದು ವ್ಯಾಪಾರದ ಗುಟ್ಟು. ಹಣ ಹೂಡಿದ ಅಮೆರಿಕದ ಕಂಪನಿಯೊಂದಿಗೆ ಕೋರ್ಟು ಕಚೇರಿ ನಡೆದು 2017ರಲ್ಲಿ ರಾಜಿಯಾಯಿತು. ಆ ಪೆಟ್ಟಿಗೆಯಿಂದ ಇಂದಿಗೂ ಒಂದು ಊರಿನ ದೀಪವೂ ಉರಿದಿಲ್ಲ.

ಹಾಗಾದರೆ ಈ ದಾರಿಯಲ್ಲಿ ಹುಡುಕುವುದೇ ದಂಡವೇ? ಅಲ್ಲ. ಗೂಗಲ್ ಯೋಜನೆಯಲ್ಲಿದ್ದ ಕರ್ಟಿಸ್ ಬರ್ಲಿಂಗೆಟ್ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮುಂದುವರಿಸಿದರು. ಅವರ ತಂಡ ಪಲ್ಲಾಡಿಯಂ ತಟ್ಟೆಯ ಒಂದು ಮುಖಕ್ಕೆ ಡ್ಯುಟೀರಿಯಂ ಬೀಜಗಳನ್ನು ವೇಗವಾಗಿ ಹೊಡೆಯುತ್ತ, ಇನ್ನೊಂದು ಮುಖದಿಂದ ವಿದ್ಯುದ್ವಿಭಜನೆಯ ಮೂಲಕ ಲೋಹಕ್ಕೆ ಹೆಚ್ಚುವರಿ ಡ್ಯುಟೀರಿಯಂ ತುಂಬಿಸಿತು. ಹೊಡೆತ ವೋಲ್ಟೇಜಿನದು, ಆದ್ದರಿಂದ ಇದು ಶೀತಲ ಸಮ್ಮಿಳನವಲ್ಲ. ಫ್ಯೂಸರ್‌ನ ದಾಯಾದಿ ಎನ್ನಬಹುದು. ಶಾಖವನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ, ಎಣಿಸಿದ್ದು ನ್ಯೂಟ್ರಾನ್. ಲೋಹ ತುಂಬಿದಾಗ ಬೆಸುಗೆ ಸರಾಸರಿ ಶೇ. 15ರಷ್ಟು ಹೆಚ್ಚಿತು ಎಂದು 2025ರ ಆಗಸ್ಟ್‌ನಲ್ಲಿ ‘ನೇಚರ್’ ಪ್ರಕಟಿಸಿತು. ಆ ಯಂತ್ರಕ್ಕೆ ಕೊಟ್ಟದ್ದು 15 ವ್ಯಾಟ್. ಬೆಸುಗೆಯಿಂದ ಬಂದದ್ದು ಒಂದು ವ್ಯಾಟ್‌ನ ನೂರು ಕೋಟಿಯಲ್ಲಿ ಒಂದು ಭಾಗ.