ಎದೆ ಮಾತ್ರೆ ಬಿಡುವ ಮುನ್ನ...

‘ಬಿಪಿ ಸರಿಹೋಗದೆ, ಎದೆ ಮಾತ್ರೆ ಬುಟ್ಬುಟ್ಟಿ ಕನವ್ವ’ ಅಂತ ಸಂತೆಮರಹಳ್ಳಿಯಿಂದ ನಮ್ಮತ್ತೆ ಫೋನ್ ಮಾಡಿದಾಗ ನನ್ನೆದೆ ಧಸಕ್ಕೆಂದಿತು!

ಗಾಬರಿಯಾದರೆ ಎದೆ ಹೊಡೆದುಕೊಳ್ಳುವುದೇಕೆ ಗೊತ್ತೇ? ಹೃದಯದ ಪ್ರತಿ ಕೋಶದ ಹೊರಗೋಡೆಯಲ್ಲೂ ‘ಬೀಟಾ ರಿಸೆಪ್ಟರ್’ ಎಂಬ ಪ್ರೋಟೀನುಗಳಿವೆ, ಮನೆಬಾಗಿಲ ಕರೆಗಂಟೆಯ ಗುಂಡಿಯ ಹಾಗೆ. ರಕ್ತದಲ್ಲಿ ಬಂದ ಅಡ್ರಿನಲಿನ್ ಅದನ್ನು ಒತ್ತುತ್ತದೆ. ಒಳಗಿನ ಜಿ-ಪ್ರೋಟೀನ್ ಸುದ್ದಿ ಮುಟ್ಟಿಸುತ್ತದೆ, ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚುತ್ತದೆ, ಬಡಿತ ಜೋರಾಗುತ್ತದೆ. ಇಂಥ ರಿಸೆಪ್ಟರ್‌ಗಳ ಗುಟ್ಟು ಬಿಡಿಸಿದ ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕಾ ಅವರಿಗೆ 2012ರಲ್ಲಿ ನೊಬೆಲ್ ಸಿಕ್ಕಿತು.

ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳು ಈ ಗುಂಡಿಗಳನ್ನು ಮುಚ್ಚಿಡುತ್ತವೆ. ಗಂಟೆ ಕೇಳಿಸದ ಕೋಶ ಸುಮ್ಮನಿರುತ್ತದೆಯೇ? ದಿನ ಕಳೆದಂತೆ ಇನ್ನಷ್ಟು ಗುಂಡಿ ಕೂರಿಸಿಕೊಳ್ಳುತ್ತದೆ. ಮಾತ್ರೆ ಥಟ್ಟನೆ ಬಿಟ್ಟರೆ ಎಲ್ಲ ಗಂಟೆಯೂ ಒಟ್ಟಿಗೇ ಬಾರಿಸಿದಂತೆ! ಬಡಿತ, ಬಿಪಿ ಏರುತ್ತವೆ. ಹೃದ್ರೋಗಿಗಳಿಗೆ ಹೃದಯಾಘಾತವೂ ಆಗಬಹುದು.

ಹಾಗಾಗಿ ಗೆಳತಿಯರೇ, ಬಿಪಿ ಇಳಿದಿರುವುದು ಮಾತ್ರೆಯಿಂದಲೇ ಎಂಬುದು ನೆನಪಿರಲಿ. ಬಿಡಬೇಕಾದರೆ ವೈದ್ಯರೇ ಡೋಸ್ ಮೆಲ್ಲಗೆ ಇಳಿಸುತ್ತಾರೆ. ಸ್ಟ್ರಿಪ್ ಮುಗಿಯುವ ಮೊದಲೇ ಇನ್ನೊಂದು ತಂದಿಡಿ. ಈಗಾಗಲೇ ಬಿಟ್ಟಿದ್ದರೆ ಇವತ್ತೇ ವೈದ್ಯರನ್ನು ಕೇಳಿ. ಎದೆನೋವು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ನಮ್ಮತ್ತೆಯನ್ನು ಅವತ್ತೇ ಮೈದುನ ಚಾಮರಾಜನಗರಕ್ಕೆ ಕರೆದೊಯ್ದು ತೋರಿಸಿದ. ಈಗ ಮಾತ್ರೆ ತಪ್ಪಿಸುತ್ತಿಲ್ಲ!